ದಿನಕ್ಕೆ ಹದಿನಾಲ್ಕು ಗೇಣು

ನಮ್ಮ ಊರಿನಲ್ಲಿ ಕಾರು ಇಟ್ಟವರ ಮನೆ ಬಜಾರದಿಂದ ದೂರ ಸರಿಯುತ್ತದೆ. ಕಾರು ಒಂದು ಕಿಲೋಮೀಟರ್ ಓಡಿದರೆ ಮನೆ ಒಂದು ಗೇಣು. ಟೆಂಪೊಗೂ ಅದೇ ಲೆಕ್ಕ, ಎರಡು ಗಾಲಿಯ ಗಾಡಿಗೆ ಇಲ್ಲ. ಗೇಣು ಎಂದರೆ ಇಪ್ಪತ್ತೆರಡೂವರೆ ಸೆಂಟಿಮೀಟರ್. ಪುರಸಭೆಯ ಹೊರಗೋಡೆಯಲ್ಲಿ ಅದರ ಗುರುತು ಕೆತ್ತಿದ್ದಾರೆ, ಯಾರು ಬೇಕಾದರೂ ಹೋಗಿ ನೋಡಬಹುದು. ಮನೆ ಸರಿಯುವುದು ಬೆಳಿಗ್ಗೆ ಆರೂಕಾಲರ ಸುಮಾರಿಗೆ, ಒಲೆಯ ಮೇಲಿನ ಹಾಲು ಕೂಡ ಅಲುಗದಷ್ಟು ಮೆತ್ತಗೆ. ದಾರಿಯಲ್ಲಿ ಬೇರೆ ಮನೆ ಇದ್ದರೆ ಏನಾಗುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ನನಗೆ ಗೊತ್ತಿಲ್ಲ. ನಾನು ಲೈನ್‌ಮನ್, ನಾನು ನೋಡುವುದು ತಂತಿಯನ್ನು.

ಮನೆ ಸರಿದಷ್ಟೂ ಕಂಬದಿಂದ ಹೋಗುವ ತಂತಿ ಬಿಗಿಯುತ್ತದೆ. ಅದಕ್ಕೆ ಕಾರಿರುವ ಪ್ರತಿ ಮನೆಯ ಕಂಬಕ್ಕೂ ಒಂದು ಸುರುಳಿ ಹೆಚ್ಚುವರಿ ತಂತಿ ನೇತುಹಾಕಿರುತ್ತೇನೆ. ವಾರಕ್ಕೊಮ್ಮೆ ಏಣಿ ಹಾಕಿ ಬೇಕಾದಷ್ಟು ಬಿಡುತ್ತೇನೆ. ಸುರುಳಿ ಮುಗಿದರೆ ಹೊಸ ಕಂಬ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದಾಗ ಹೀಗೆ ಸರಿಯುವ ಮನೆಗಳು ಹನ್ನೊಂದು ಇದ್ದವು. ಈಗ ಅರವತ್ತನಾಲ್ಕು.

ಊರಿನವರು ಇದಕ್ಕೆ ಹೊಂದಿಕೊಂಡಿದ್ದಾರೆ. ಮದುವೆಯ ಆಮಂತ್ರಣದಲ್ಲಿ ಮನೆಯ ವಿಳಾಸದ ಕೆಳಗೆ 'ಅಂದಿನ ಅಂದಾಜು ಸ್ಥಳ' ಎಂದು ಅಚ್ಚು ಹಾಕಿಸುತ್ತಾರೆ. ಮನೆ ಬಿಟ್ಟುಹೋದ ಖಾಲಿ ಜಾಗದಲ್ಲಿ ಯಾರಾದರೂ ನುಗ್ಗೆ ನೆಡುತ್ತಾರೆ. ಶಾಲೆಯ ಮೇಷ್ಟ್ರೊಬ್ಬರು ಕಾರನ್ನು ತಮ್ಮ ಅತ್ತೆಯ ಹೆಸರಿನಲ್ಲಿ ಕೊಂಡರು. ಅತ್ತೆಯ ಮನೆ ಸರಿಯುತ್ತಾ ಗುಡ್ಡದ ಮೇಲೆ ಹತ್ತಿತು. ಮೇಷ್ಟ್ರು ಹೆದರಿ ಕಾರು ಮಾರಲು ಹೊರಟರೆ ಆ ಮುದುಕಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. "ಇನ್ನಾ ಸ್ವಲ್ಪ ಓಡಸಪಾ ಅಳಿಯಾ, ಕೆರಿ ಕಾಣಸೂತನಾ" ಎಂದಳು.

ಅಡತಿ ವ್ಯಾಪಾರಿ ಅಂದಾನೆಪ್ಪನವರ ಮನೆ ಎಲ್ಲಕ್ಕಿಂತ ದೂರ, ಆರು ಕಿಲೋಮೀಟರ್. ಒಮ್ಮೆ ಅವರ ಕಂಬ ಹತ್ತಿದಾಗ ಕೆಳಗಿನಿಂದ ಹೇಳಿದರು: "ಕಾರು ಇಲ್ಲದಿದ್ರ ಇಷ್ಟು ದೂರದ ಮನಿಗೆ ಹೆಂಗ ಬರ್ಲಿ ಹೇಳು."

"ಕಾರು ಇರೂದಕ್ಕನ ದೂರ ಆಗೇತ್ರಿ, ಸಾಹುಕಾರ್ರ."

"ಅದಕ್ಕ ಈ ಸಲ ದೊಡ್ಡ ಕಾರು ತಗೊಂಡೀನಿ."

ಕಾರು ನಿಲ್ಲಿಸಿದರೆ ಮನೆ ನಿಲ್ಲುತ್ತದೆ. ಮಾರಿದರೆ ಎಲ್ಲಿದೆಯೋ ಅಲ್ಲೇ ಉಳಿಯುತ್ತದೆ. ಒಮ್ಮೆ ಸರಿದ ಮನೆ ಹಿಂದಕ್ಕೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮನೆಗಳು ಹೊಗೆಗೆ ಹೆದರಿ ಓಡುತ್ತವೆ ಎಂಬುದು ಊರಿನ ತಿಳಿವಳಿಕೆಯಾಗಿತ್ತು, ನನ್ನದೂ ಅದೇ. ಈ ತಿಳಿವಳಿಕೆಯನ್ನು ನಾನು ಕಾಶವ್ವನಿಗೆ ಕೊಟ್ಟೆ. ನಾನು ಹೇಳಬೇಕಾಗಿರುವುದು ಅದರಿಂದ ಆದದ್ದನ್ನು.

ಕಾಶವ್ವನ ಖಾನಾವಳಿ ಬಜಾರದ ಗಂಟೆ ಕಂಬದಿಂದ ಮೂವತ್ತು ಮೀಟರ್ ದೂರದಲ್ಲಿತ್ತು. ಮನೆಯೇ ಖಾನಾವಳಿ, ಪಡಸಾಲೆಯಲ್ಲಿ ಊಟ, ಹಿಂದೆ ಅಡುಗೆ. ಮಧ್ಯಾಹ್ನ ಒಂದಕ್ಕೆ ಗಂಟೆ ಹೊಡೆದರೆ ಒಂದೂವರೆಗೆ ಮತ್ತೆ ಹೊಡೆಯುತ್ತದೆ. ಆ ಅರ್ಧ ಗಂಟೆಯಲ್ಲಿ ಬಜಾರದಲ್ಲಿ ಮೂಟೆ ಹೊರುವ ನಲವತ್ತು ಹಮಾಲರು ಬಂದು ಬಿಸಿ ರೊಟ್ಟಿ, ಕಾಳುಪಲ್ಯೆ, ಸೇಂಗಾ ಹಿಂಡಿ, ಮಜ್ಜಿಗೆ ಮುಗಿಸಿ ಹೋಗುತ್ತಿದ್ದರು. ರೊಟ್ಟಿ ಬಡಿಯುವುದು ಕಾಶವ್ವ, ಬಡಿಸುವುದು ಆಕೆಯ ಗಂಡ ಗುರುಪಾದಪ್ಪ. ನನ್ನ ಊಟವೂ ಅಲ್ಲೇ. ಇಪ್ಪತ್ತೊಂದು ವರ್ಷದಿಂದ ನಡೆದ ಖಾನಾವಳಿ.

ಊರಿನಿಂದ ಏಳು ಕಿಲೋಮೀಟರ್ ಮೂಡಣಕ್ಕೆ ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆ ಬಂತು. ದಿನಕ್ಕೆ ಅರವತ್ತು ಊಟ ಬೇಕೆಂದರು. ಕಾಶವ್ವ ಒಪ್ಪಿ, ಡೀಸೆಲ್ ಟೆಂಪೊ ಒಂದನ್ನು ಬಾಡಿಗೆಗೆ ಗೊತ್ತು ಮಾಡಿದಳು. ಟೆಂಪೊ ಬಾಗಿಲಿಗೆ ಬಂದು ನಿಂತಾಗಲೆಲ್ಲ ಅದರ ಮಸಿ ಒಣಹಾಕಿದ ಸಂಡಿಗೆಯ ಮೇಲೆ ಕೂರುತ್ತಿತ್ತು. ಎರಡು ತಿಂಗಳಿಗೆ, ಮೊದಲೇ ಊರಾಚೆ ಇದ್ದ ಆ ಚಾಲಕನ ಮನೆ ಎಷ್ಟು ದೂರ ಸರಿಯಿತೆಂದರೆ ಅವನಿಗೆ ಪಕ್ಕದ ಊರೇ ಹತ್ತಿರವಾಗಿ, ಅಲ್ಲಿಯೇ ಬಾಡಿಗೆ ಓಡಿಸತೊಡಗಿದ. ಸ್ವಂತ ವಾಹನವಿಲ್ಲದೆ ಕಾರ್ಖಾನೆಯ ಊಟ ನಡೆಯುವಂತಿರಲಿಲ್ಲ.

"ತಮ್ಮಾ ಫಕ್ಕೀರಪ್ಪ, ನೀ ಕರೆಂಟಿನ ಮನಷ್ಯಾ" ಎಂದು ಒಂದು ಮಧ್ಯಾಹ್ನ ನನ್ನ ತಾಟಿಗೆ ರೊಟ್ಟಿ ಹಾಕುತ್ತಾ ಕೇಳಿದಳು. "ಕರೆಂಟಿನ ಕಾರು ತಗೊಂಡ್ರ ಮನಿ ಸರಿಯತೈತೇನು?"

"ಸರಿಯಂಗಿಲ್ಲ ಅಕ್ಕಾರ. ಮನಿ ಓಡೂದು ಹೊಗಿಗೆ ಹೆದರಿ. ಅದಕ್ಕ ಹೊಗೀನ ಇಲ್ಲ."

"ಖರೇನ?"

"ಖರೇ. ಬೇಕಾದ್ರ ಮಾಳಗಿ ಮ್ಯಾಲೆ ಸೋಲಾರ್ ಹಾಕಿ ಕೊಡ್ತೀನಿ. ಎಲ್ಲೂ ಹೊಗಿ ಇರಂಗಿಲ್ಲ."

ನೋಡದೆ, ಅಳೆಯದೆ ಹೇಳಿದ ಮಾತು. ಊರಿನಲ್ಲಿ ಅದುವರೆಗೆ ಕರೆಂಟಿನ ಕಾರು ಒಂದೂ ಇರಲಿಲ್ಲ. ಆದರೆ ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದರಿಂದ ಅವರು ಸಾಲ ಮಾಡಿ ಹಿಂದಿನ ಸೀಟು ತೆಗೆಸಿದ ಬಿಳಿ ಕಾರೊಂದನ್ನು ತಂದರು. ಮಾಳಿಗೆಯ ಮೇಲೆ ಸೋಲಾರ್ ಹಲಗೆಗಳನ್ನು ಕೂರಿಸಿ, ಚಾರ್ಜ್ ಮಾಡುವ ಪೆಟ್ಟಿಗೆಯನ್ನು ನಾನೇ ಗೋಡೆಗೆ ಜೋಡಿಸಿದೆ. ಕಂಬದಲ್ಲಿ ಸುರುಳಿ ಹಾಕಲಿಲ್ಲ. ಸರಿಯದ ಮನೆಗೆ ಸುರುಳಿ ಯಾಕೆ ಎಂಬುದು ನನ್ನ ಧೈರ್ಯ.

ಕಾರು ಮೊದಲ ಸಲ ಕಾರ್ಖಾನೆಗೆ ಹೋಗಿಬಂದ ಮರುದಿನ ಏಳು ಗಂಟೆಗೆ ಫೋನ್ ಬಂತು. ಹೋಗಿ ನೋಡಿದರೆ ತಂತಿ ಏಕತಾರಿಯಷ್ಟು ಬಿಗಿದು, ಕಂಬವೇ ಮನೆಯತ್ತ ವಾಲಿತ್ತು. ಕಾಶವ್ವ ಬಾಗಿಲಲ್ಲಿ ನಿಂತಿದ್ದಳು.

"ಫಕ್ಕೀರಪ್ಪ, ಮನಿ ಮುಂದಿನ ಕಟ್ಟಿ ಎಲ್ಲಿ ಹೋತು?"

"ಕಟ್ಟಿ ಅಲ್ಲೇ ಐತ್ರಿ. ಮನಿ ಹಿಂದ ಬಂದೈತಿ."

"ಹೊಗಿಗೆ ಹೆದರತೈತಿ ಅಂದಿದ್ದಿ."

"ಅಂದಿದ್ದೆ."

"ಈ ಕಾರಿಗೆ ಹೊಗಿ ಎಲ್ಲೈತಿ?"

"ಇಲ್ರಿ. ಅದು ಮನಿಗೆ ಗೊತ್ತಾಗಿಲ್ಲ ಕಾಣತೈತಿ."

"ಹಂಗಾರ ಮನಿಗೆ ತಿಳಿಸಿ ಹೇಳು" ಎಂದ ಒಳಗಿನಿಂದ ಗುರುಪಾದಪ್ಪ.

ಟೇಪು ಹಿಡಿದು ಅಳೆದೆ. ಹೋಗಿಬಂದದ್ದು ಹದಿನಾಲ್ಕು ಕಿಲೋಮೀಟರ್. ಸರಿದದ್ದು ಹನ್ನೆರಡೂಮುಕ್ಕಾಲು ಗೇಣು. ಒಂದೂಕಾಲು ಗೇಣು ಕಡಿಮೆ. ವಾಲಿದ ಕಂಬದಿಂದ ಅಳೆದಿದ್ದರಿಂದ ತಪ್ಪಾಗಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ. ಹೊಗೆಯಿದ್ದರೂ ಇಲ್ಲದಿದ್ದರೂ ಮನೆ ಸರಿಯುತ್ತದೆ ಎಂಬುದಂತೂ ಖಾತ್ರಿಯಾಯಿತು. ಹೊಗೆಯ ತೊಂದರೆ ಬೇರೆ, ದೂರದ ತೊಂದರೆ ಬೇರೆ. ಮೊದಲನೆಯದು ನಿಜಕ್ಕೂ ಹೋಗಿತ್ತು: ಆ ವರ್ಷ ಕಾಶವ್ವನ ಸಂಡಿಗೆ ಹಾಲಿನಂತೆ ಬೆಳ್ಳಗೆ ಒಣಗಿದವು. ಎರಡನೆಯದು ಕಾರಿನ ಜೊತೆಗೇ ಬಂದಿತ್ತು.

ಸಾಲದಲ್ಲಿ ತಂದ ಕಾರು, ಒಪ್ಪಿಕೊಂಡ ಅರವತ್ತು ಊಟ, ನಿಲ್ಲಿಸುವಂತಿರಲಿಲ್ಲ. ಎರಡನೇ ವಾರ ಕಾಶವ್ವ ಇನ್ನೊಂದು ತೀರ್ಮಾನ ಮಾಡಿದಳು. ದಿನವಿಡೀ ಚೀಲ ಹೊತ್ತವರನ್ನು ಊಟಕ್ಕೂ ನಡೆಸುವುದು ಸರಿಯಲ್ಲ, ಹೇಗೂ ಕಾರಿದೆ, ಬಜಾರಕ್ಕೇ ಊಟ ಕಳಿಸೋಣ ಎಂದು. ಹಮಾಲರ ಮುಖಂಡ ದಾವಲ್‌ಸಾಬ ಮೊದಲು ಬೇಡವೆಂದ, ಆಮೇಲೆ ನೆರಳಲ್ಲಿ ಕೂತಲ್ಲಿಗೇ ಊಟ ಬಂದದ್ದನ್ನು ನೋಡಿ ಒಪ್ಪಿದ. ಗುರುಪಾದಪ್ಪ ಕಾರಿನಲ್ಲಿ ಬಜಾರಕ್ಕೆ ಬಂದು ನಲವತ್ತು ಊಟ ಇಳಿಸಿ, ಅಲ್ಲಿಂದ ಕಾರ್ಖಾನೆಗೆ ಹೋಗಿ ಮನೆಗೆ ಮರಳುತ್ತಿದ್ದ. ಮನೆ ಸರಿಯುತ್ತಿದ್ದದ್ದು ಕಾರ್ಖಾನೆಯ ದಿಕ್ಕಿಗೇ ಆದ್ದರಿಂದ ಒಂದು ಕಡೆ ಹೆಚ್ಚಿದ ದೂರ ಇನ್ನೊಂದು ಕಡೆ ಕಡಿಮೆಯಾಗಿ, ದಿನದ ಓಡಾಟ ಹದಿನಾಲ್ಕೇ ಉಳಿಯಿತು. ಮನೆಯೂ ದಿನಕ್ಕೆ ಸರಿಯಾಗಿ ಹದಿನಾಲ್ಕು ಗೇಣು, ಅಂದರೆ ಮೂರು ಮೀಟರ್ ಹದಿನೈದು ಸೆಂಟಿಮೀಟರ್ ಸರಿಯಿತು. ನನ್ನ ಟೇಪು ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

ತಪ್ಪಿದ್ದು ರೊಟ್ಟಿ. ಬಿಸಿ ರೊಟ್ಟಿ ಮತ್ತು ಡಬ್ಬಿಯಲ್ಲಿ ಬೆವರಿದ ರೊಟ್ಟಿ ಒಂದೇ ಅಲ್ಲ. "ಕಾಶವ್ವನ ಕೈಯಾಗಿನ ರೊಟ್ಟಿ ಅಲ್ಲಪಾ ಇದು, ಕಾರಿನ ರೊಟ್ಟಿ" ಎಂದು ಒಬ್ಬ ಹಮಾಲ ಅಂದ. ಒಬ್ಬೊಬ್ಬರಾಗಿ ಬಜಾರದ ಮೂಲೆಯ ಪೂರಿ ಹೋಟೆಲಿಗೆ ಹೋಗತೊಡಗಿದರು. ಒಂಬತ್ತು ತಿಂಗಳಲ್ಲಿ ಮನೆ ಏಳುನೂರ ನಲವತ್ತು ಮೀಟರ್ ದೂರದಲ್ಲಿತ್ತು, ನಲವತ್ತು ಊಟ ಒಂಬತ್ತಕ್ಕೆ ಇಳಿದಿತ್ತು. ನನ್ನನ್ನು ಬಜಾರದಲ್ಲಿ ಕಂಡವರು "ಏನ್ರಿ ಲೈನ್‌ಮನ್ ಸಾಹೇಬ್ರ, ಮನಿಗೆ ತಿಳಿಸಿ ಹೇಳಿದ್ರೋ ಇಲ್ಲೋ?" ಎನ್ನುತ್ತಿದ್ದರು. ಕಾಶವ್ವ ಮಾತ್ರ ಒಂದು ದಿನವೂ ನನ್ನನ್ನು ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಒಂದು ದಿನ ಆಕೆ ಬಜಾರದ ಊಟ ನಿಲ್ಲಿಸುವುದಾಗಿ ಹೇಳಿದಳು.

"ಒಂಬತ್ತ ಮಂದಿ ಸಲುವಾಗಿ ಕಾರು ಬಜಾರಕ್ಕ ತರೂದು ಬ್ಯಾಡ. ಕಾರ್ಖಾನೀದು ಒಂದ ನಡಸ್ತೀವಿ."

"ಅಕ್ಕಾರ, ಸ್ವಲ್ಪ ತಡೀರಿ, ನಾ ಏನಾರ—"

"ನೀ ಏನ ಮಾಡ್ತಿ ತಮ್ಮಾ? ತಂತಿ ಬಿಡ್ತಿ. ಬಿಡು." ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಇಡುತ್ತಾ ಮುಂದುವರಿಸಿದಳು. "ಕಾರ್ಖಾನ್ಯಾಗಿನವ್ರು ಡಬ್ಬಿ ಖಾಲಿ ಮಾಡಿ ಕಳಸ್ತಾರ. ಛಲೋ ಮಂದಿ. ಆದ್ರ ಒಬ್ರ ಮಾರಿನೂ ನಾ ನೋಡಿಲ್ಲ. ಉಪ್ಪು ಹೆಚ್ಚಾದ್ರ ದಾವಲ್‌ಸಾಬ ಇಲ್ಲಿಂದ ಒದರತಿದ್ದ, ನಾ ಅಲ್ಲಿಂದ ಒದರತಿದ್ದೆ. ಅದು ಹೋತು."

ಬಜಾರಕ್ಕೂ ಕಾರ್ಖಾನೆಗೂ ರಜೆಯಿದ್ದ ಸೋಮವಾರ ಹಳೆಯ ಗಿರಾಕಿಗಳನ್ನೆಲ್ಲ ಮನೆಗೆ ಊಟಕ್ಕೆ ಕರೆದಳು. ಕಡೆಯದಾಗಿ ಒಮ್ಮೆ ಮನೆಯಲ್ಲಿ ಕೂತು ಉಣ್ಣಲಿ ಎಂದು. ಕಾರನ್ನು ಅಂದು ತೆಗೆಯಲಿಲ್ಲ. ದಾವಲ್‌ಸಾಬನ ಹಿಂದೆ ನಲವತ್ತು ಹಮಾಲರು, ಒಟ್ಟು ನಲವತ್ತೊಂದು ಜನ, ರಸ್ತೆ ತುಂಬ ಮಾತಾಡುತ್ತಾ ನಡೆದು ಬಂದರು. ಸೇಂಗಾದ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಒಲೆಯಿಂದ ನೇರ ತಾಟಿಗೆ ರೊಟ್ಟಿ. ಪೂರಿ ಹೋಟೆಲಿಗೆ ಮೊದಲು ಓಡಿದವನೇ ಹನ್ನೊಂದು ರೊಟ್ಟಿ ತಿಂದ.

"ಇಷ್ಟು ಹಸಿವಿದ್ದಾವ ಒಂಬತ್ತು ತಿಂಗಳು ಎಲ್ಲಿದ್ದಿ?" ಎಂದಳು ಕಾಶವ್ವ.

"ಹಾದಿ ತಪ್ಪಿದ್ದೆ ಬೇ" ಎಂದ ಅವನು, ಹನ್ನೆರಡನೆಯದಕ್ಕೆ ಕೈ ಚಾಚಿ.

ಮಂಗಳವಾರ ಬೆಳಿಗ್ಗೆ ಮತ್ತೆ ಫೋನ್. ತಂತಿ ಸಡಿಲಾಗಿ ಬಾಗಿಲ ಮುಂದೆ ಜೋತುಬಿದ್ದಿದೆ, ಬಂದು ನೋಡು ಎಂದು. ನಾನು ಹೋದಾಗ ಗುರುಪಾದಪ್ಪ ಯಾರೂ ಅದರ ಕೆಳಗೆ ಹೋಗದಂತೆ ಕೋಲು ಹಿಡಿದು ನಿಂತಿದ್ದ. ಮೊದಲು ಕರೆಂಟು ತೆಗೆದೆ, ಆಮೇಲೆ ಟೇಪು ತೆಗೆದೆ. ಮನೆ ಬಜಾರದ ಕಡೆಗೆ ಆರು ಮೀಟರ್ ಎಂಬತ್ಮೂರು ಸೆಂಟಿಮೀಟರ್ ಬಂದಿತ್ತು. ಮೂವತ್ತು ಗೇಣಿನ ಮೇಲೆ ಸ್ವಲ್ಪ. ಮೂರು ಸಲ ಅಳೆದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ತಂತಿ ಬಿಟ್ಟಿದ್ದೆನೇ ಹೊರತು ಎಂದೂ ಹಿಂದಕ್ಕೆ ಎಳೆದುಕೊಂಡಿರಲಿಲ್ಲ.

ಖಾನಾವಳಿಯ ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಮಾಡಿದೆ. ನಲವತ್ತೊಂದು ಜನ, ಒಬ್ಬೊಬ್ಬರು ನಡೆದದ್ದು ಏಳುನೂರ ನಲವತ್ತು ಮೀಟರ್. ಒಟ್ಟು ಮೂವತ್ತು ಕಿಲೋಮೀಟರ್ ಮುನ್ನೂರ ನಲವತ್ತು ಮೀಟರ್. ಕಾರು ಒಂದು ಕಿಲೋಮೀಟರ್ ಓಡಿದರೆ ಮನೆ ಒಂದು ಗೇಣು ಹೋಗುತ್ತದೆ. ಬೇರೆಯವರು ಒಂದು ಕಿಲೋಮೀಟರ್ ನಡೆದು ಮನೆಗೆ ಬಂದರೆ ಒಂದು ಗೇಣು ಹತ್ತಿರ ಬರುತ್ತದೆ; ಅವರು ಮರಳಿ ಹೋಗುವ ನಡಿಗೆ ಲೆಕ್ಕಕ್ಕಿಲ್ಲ. ಮೊದಲ ದಿನದ ಒಂದೂಕಾಲು ಗೇಣಿನ ಕೊರತೆಯೂ ಆಗ ತಿಳಿಯಿತು: ಅಂದು ನಲವತ್ತು ಹಮಾಲರು ಮೂವತ್ತು ಮೀಟರ್ ನಡೆದು ಊಟಕ್ಕೆ ಬಂದಿದ್ದರು. ನನ್ನ ಟೇಪು ಸರಿಯಾಗಿಯೇ ಇತ್ತು. ಆಮೇಲೆ ಅವರು ಬರುವುದನ್ನು ನಾವೇ ನಿಲ್ಲಿಸಿದೆವು.

ಇಷ್ಟು ವರ್ಷ ಇದು ಯಾರಿಗೂ ಯಾಕೆ ತಿಳಿಯಲಿಲ್ಲ ಎಂಬುದಕ್ಕೆ ಉತ್ತರ ಸರಳ. ಕಾರಿದ್ದವರ ಮನೆಗೆ ನಡೆದು ಹೋಗುವವರು ಇರಲಿಲ್ಲ. ಅವರ ನೆಂಟರೂ ಕಾರಿನಲ್ಲೇ ಬರುತ್ತಿದ್ದರು, ಕಾರಿಲ್ಲದ ನೆಂಟರಿಗೆ ಇವರು ಕಾರು ಕಳಿಸುತ್ತಿದ್ದರು.

ಹೊಗೆಯ ವಿಷಯದಲ್ಲಿ ಕೈ ಸುಟ್ಟುಕೊಂಡಿದ್ದ ನಾನು ಈ ಸಲ ಅಳೆಯದೆ ಬಾಯಿ ಬಿಡಲಿಲ್ಲ. ಮುಂದಿನ ಸೋಮವಾರ ಇಪ್ಪತ್ತು ಜನರನ್ನು ಮಜ್ಜಿಗೆಗೆ ಕರೆಸಿದೆ. ಹದಿನೈದು ಗೇಣು ಬಂತು. ಆಮೇಲೆ ದಾವಲ್‌ಸಾಬನಿಗೆ ಹೇಳಿದೆ. ದಾವಲ್‌ಸಾಬನಿಗೆ ಹೇಳಿದ್ದು ಬಜಾರಕ್ಕೆ ಹೇಳಿದಂತೆ.

ಮರುದಿನದಿಂದ ಊರೇ ನಡೆದು ಬಂತು. ಮಧ್ಯಾಹ್ನ ಉಣ್ಣುವವರು, ಸಂಜೆ ಮಜ್ಜಿಗೆ ಕುಡಿಯುವವರು, ಏನೂ ಬೇಡದೆ ಬಾಗಿಲು ಮುಟ್ಟಿ ಹೋಗುವವರು. ದಿನಕ್ಕೆ ನೂರಿಪ್ಪತ್ತಕ್ಕೆ ಕಡಿಮೆಯಿಲ್ಲ. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು "ಕಾಶವ್ವನ ಮನೀತನಾ ಎರಡ ಹೊತ್ತು" ಎಂದು ಬರೆದುಕೊಟ್ಟರು. ಬೆಳಿಗ್ಗೆ ಆರೂಕಾಲಕ್ಕೆ ಮನೆ ಬರುವುದನ್ನು ನೋಡಲು ಜನ ಸೇರುತ್ತಿದ್ದರು; ಯಾರಿಗೂ ಕಾಣಿಸಲಿಲ್ಲ, ಕಣ್ಣು ಮಿಟುಕಿಸಿದೆ ಎಂದು ಒಬ್ಬರನ್ನೊಬ್ಬರು ಬೈದುಕೊಂಡು ಹೋದರು. ಅಂದಾನೆಪ್ಪನವರು ತಮ್ಮ ಮನೆಯ ಮುಂದೆ ಚಪ್ಪರ ಹಾಕಿಸಿ, ನಡೆದು ಬಂದವರಿಗೆ ಕೇಸರಿಭಾತು ಎಂದು ಬಜಾರದಲ್ಲಿ ಸಾರಿಸಿದರು. ಆರು ಕಿಲೋಮೀಟರ್ ನಡೆದು ಮೊದಲ ದಿನ ಇಬ್ಬರು ಬಂದರು. ಆದರೂ ಹನ್ನೆರಡು ಗೇಣು. ಆ ಇಬ್ಬರನ್ನು ವಾಪಸ್ ಕಾರಿನಲ್ಲಿ ಬಿಡಲು ಹೊರಟ ಸಾಹುಕಾರರನ್ನು ಅವರ ಹೆಂಡತಿ ಕೀಲಿ ಕಸಿದು ತಡೆದರಂತೆ.

ಮೂವತ್ತೇಳನೇ ದಿನಕ್ಕೆ ಕಾಶವ್ವನ ಮನೆ ಬಜಾರದಿಂದ ಮುನ್ನೂರ ಐವತ್ತು ಮೀಟರ್ ದೂರಕ್ಕೆ ಬಂತು. ಅಲ್ಲೊಂದು ದೊಡ್ಡ ಬೇವಿನ ಮರವಿದೆ.

"ಇಲ್ಲೇ ಇರ್ಲಿ ಬಿಡು. ನೆಳ್ಳ ಐತಿ" ಎಂದಳು ಕಾಶವ್ವ. "ದಿನಾ ನೂರಿಪ್ಪತ್ತು ಮಂದಿಗೆ ಮಜ್ಜಿಗಿ ಕಡದು ನನ್ನ ರಟ್ಟಿ ಹೋದ್ವು."

"ಇಲ್ಲೇ ನಿಲ್ಲಬೇಕಂದ್ರೂ ದಿನಾ ಮಂದಿ ಬರಬೇಕ್ರಿ."

"ಎಷ್ಟು ಮಂದಿ?"

ಈಗ ಕಾರು ಬಜಾರಕ್ಕೆ ಬರುವ ಅಗತ್ಯವಿರಲಿಲ್ಲ. ಮನೆಯಿಂದ ಕಾರ್ಖಾನೆಗೆ ಹೋಗಿ ಬರಲು ಹದಿಮೂರು ಕಿಲೋಮೀಟರ್ ಮುನ್ನೂರು ಮೀಟರ್. ಮುನ್ನೂರ ಐವತ್ತು ಮೀಟರ್ ನಡೆದು ಬರುವವರು ಮೂವತ್ತೆಂಟು ಜನರಿದ್ದರೆ ಹೋಗುವಷ್ಟೇ ಬರುತ್ತದೆ, ಮನೆ ನಿಲ್ಲುತ್ತದೆ. ನಾಲ್ಕು ನಿಮಿಷದ ದಾರಿ. ಅರ್ಧ ಗಂಟೆಯ ಬಿಡುವಿನಲ್ಲಿ ಹಮಾಲರು ಬಂದು ಬಿಸಿಯಾಗಿ ಉಂಡು ಹೋಗಬಹುದು. ದಿನದ ಗಿರಾಕಿಗಳ ತಾಟು ಎಣಿಸಿದರು. ಸರಿಯಾಗಿ ಮೂವತ್ತೆಂಟು.

"ಕಟ್ಟಿ ಕಟ್ಟಸ್ರಿ ಅಕ್ಕಾರ" ಎಂದೆ. "ಇನ್ನ ಸರಿಯಂಗಿಲ್ಲ."

"ಖರೇನ?" ಎಂದಳು. ಅದೇ ದನಿ.

"ಈ ಸಲ ಅಳದ ಹೇಳಾಕತ್ತೀನ್ರಿ."

ಗೌಂಡಿ ಬಂದು ಬಾಗಿಲಿಗೆ ಹೊಂದಿಸಿ ಹೊಸ ಕಟ್ಟೆ ಕಟ್ಟಿದ. ಮರುದಿನ ಬೆಳಿಗ್ಗೆ ಕಟ್ಟೆಗೂ ಹೊಸ್ತಿಲಿಗೂ ನಡುವೆ ನಾಲ್ಕು ಬೆರಳು ಬಿರುಕು. ಅದರ ಮರುದಿನ ಎಂಟು ಬೆರಳು. ಕಾರಿನ ಮೀಟರ್ ನೋಡಿದೆ: ಹದಿಮೂರು ಪಾಯಿಂಟ್ ಮೂರು. ರಸ್ತೆಯನ್ನು ಮತ್ತೆ ಅಳೆದೆ: ಮುನ್ನೂರ ಐವತ್ತು. ಮಧ್ಯಾಹ್ನ ಕೂತು ಉಣ್ಣುತ್ತಲೇ ತಾಟು ಎಣಿಸಿದೆ: ಮೂವತ್ತೆಂಟು. ದಿನಕ್ಕೆ ಮುನ್ನೂರ ಐವತ್ತು ಮೀಟರ್ ಎಲ್ಲಿಯೋ ಸೋರಿಹೋಗುತ್ತಿತ್ತು, ಎಲ್ಲಿ ಎಂದು ಹೊಳೆಯಲಿಲ್ಲ.

"ಲೆಕ್ಕ ಸರಿ ಐತ್ರಿ. ಮನೀನ ಸರಿ ಇಲ್ಲ" ಎಂದೆ.

ದಾವಲ್‌ಸಾಬ ಪಕ್ಕದಲ್ಲಿ ಕೂತು ನಗುತ್ತಿದ್ದ. ಕಾಶವ್ವ ರೊಟ್ಟಿಯನ್ನು ನನ್ನ ತಾಟಿನ ಮೇಲೆ ಹಿಡಿದು, ಹಾಕದೆ ನಿಂತಳು.

"ಮೂವತ್ತೆಂಟು ತಾಟು. ಅದರಾಗ ಇದೂ ಒಂದು, ಹೌದಿಲ್ಲೋ?"

"ಹೌದ್ರಿ."

"ನೀ ಹೆಂಗ ಬರ್ತಿ?"

ನಾನು ಬಾಗಿಲ ಕಡೆ ನೋಡಿದೆ. ಬೇವಿನ ನೆರಳಿನಲ್ಲಿ, ಏಣಿ ಕಟ್ಟಿದ ನನ್ನ ಮೋಟಾರ್ ಸೈಕಲ್ ನಿಂತಿತ್ತು. ಪಡಸಾಲೆಯಲ್ಲಿ ಯಾರೋ ಮಜ್ಜಿಗೆ ನೆತ್ತಿಗೇರಿ ಕೆಮ್ಮಿದರು.

"ಲೆಕ್ಕ ಮಾಡಾವಂದು ಬಿಟ್ಟು ಎಲ್ಲಾರ್ದೂ ಲೆಕ್ಕ ಹತ್ತೈತಿ" ಎಂದ ದಾವಲ್‌ಸಾಬ.

"ಇದೊಂದು ರೊಟ್ಟಿ ತಿನ್ನು" ಎಂದು ಕಾಶವ್ವ ರೊಟ್ಟಿಯನ್ನು ಹಾಕಿದಳು. "ನಾಳಿಂದ ಗಾಡಿ ಬಜಾರದಾಗ ಬಿಟ್ಟು ಬಾ. ಇಲ್ಲಾಂದ್ರ ತಾಟು ಇಲ್ಲ."

ಮರುದಿನ ಒಂದರ ಗಂಟೆಗೆ ಹಮಾಲರ ಜೊತೆ ನಾನೂ ಹೊರಟೆ. ನಾನ್ನೂರ ಎಪ್ಪತ್ತೆರಡು ಹೆಜ್ಜೆ. ದಾರಿಯುದ್ದಕ್ಕೂ ದಾವಲ್‌ಸಾಬ, ನಾನು ನಿಜವಾಗಿಯೂ ನಡೆಯುತ್ತಿದ್ದೇನೆ ಎಂಬುದಕ್ಕೆ ಎಲ್ಲರನ್ನೂ ಸಾಕ್ಷಿ ಕರೆಯುತ್ತಿದ್ದ. ಅದರ ಮರುದಿನ ಬೆಳಿಗ್ಗೆ ಹೋಗಿ ಬೆರಳಿಟ್ಟು ನೋಡಿದೆ. ಹಿಂದಿನ ದಿನ ಹನ್ನೆರಡಾಗಿದ್ದ ಬಿರುಕು ಹನ್ನೆರಡು ಬೆರಳೇ ಇತ್ತು. ಗೌಂಡಿ ಅದನ್ನು ಸಿಮೆಂಟಿನಿಂದ ತುಂಬಿದ.

ಆಮೇಲೆ ಮನೆ ಸರಿದಿಲ್ಲ. ತುಂಬಿದ ಆ ಪಟ್ಟಿಯ ಬಣ್ಣ ಮಾತ್ರ ಉಳಿದ ಕಟ್ಟೆಗೆ ಹೊಂದಲಿಲ್ಲ, ದಾ‌ಟುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹೊಸ ಗಿರಾಕಿಗಳು ಅದೇನೆಂದು ಕೇಳಿದರೆ ಕಾಶವ್ವ ಒಳಗಿನಿಂದಲೇ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಾಳೆ: "ಅದು ನಮ್ಮ ಫಕ್ಕೀರಪ್ಪ ಗಾಡಿ ಮ್ಯಾಲೆ ಬಂದಿದ್ದು, ಮೂರು ದಿನ."